ಪಾರ್ಕಿನ ರಿಂಕ್ ಕಟ್ಟುವ ಮುಂಚೆ ನೀರಿಗೆ ದಾರಿ ಬಿಡಿ: ಒಂದು ಬಹಿರಂಗ ಪತ್ರ

ನಮ್ಮ ಪಟ್ಟಣದ ಅಧ್ಯಕ್ಷರಿಗೆ, ಸದಸ್ಯರಿಗೆ ಮತ್ತು ಎಂಜಿನಿಯರ್ ಅವರಿಗೆ,

ನಮಸ್ಕಾರ.

ಪಾರ್ಕಿನ ಸ್ಕೇಟಿಂಗ್ ರಿಂಕನ್ನು, ಅಂದರೆ ಮಕ್ಕಳು ಚಕ್ರದ ಸ್ಕೇಟ್ ಹಾಕಿಕೊಂಡು ಆಡುವ ಕಾಂಕ್ರೀಟ್ ನೆಲವನ್ನು, ಹೊಸದಾಗಿ ಕಟ್ಟಲು ಹಣ ಬಂದಿದೆ ಎಂದು ಗೊತ್ತಾಯಿತು. ಸಂತೋಷ. ಆ ಒಡೆದ ನೆಲದ ಬಗ್ಗೆ ಹೇಳಿ ಹೇಳಿ ನಮ್ಮ ರಸ್ತೆಯವರಿಗೆ ಸಾಕಾಗಿತ್ತು. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತು ಕಿವಿಗೆ ಬಿತ್ತು. ಹೇಗೂ ಒಡೆಯುತ್ತೇವಲ್ಲ, ಐಸ್ ರಿಂಕನ್ನೇ ಮಾಡೋಣ ಅಂತ ಯಾರೋ ಸಲಹೆ ಕೊಟ್ಟರಂತೆ. ಕೊಡಗು ಅಂದ್ರೆ ಭಾರತದ ಸ್ಕಾಟ್ಲೆಂಡ್, ಚಳಿ ಇದ್ದೇ ಇದೆ, ವೀಕೆಂಡ್ ಬಂದರೆ ಬೆಂಗಳೂರಿನ ಕಾರುಗಳೂ ಇದ್ದೇ ಇರುತ್ತವೆ, ಟಿಕೆಟ್ ಇಟ್ಟರೆ ಪಟ್ಟಣಕ್ಕೆ ಆದಾಯ ಅಂತ. ಸಭೆಯಲ್ಲಿ ಕೆಲವರು ತಲೆಯಾಡಿಸಿದರು ಎಂಬ ಸುದ್ದಿಯೂ ಇದೆ. ಅವರು ಪೂರ್ತಿ ಒಪ್ಪಿಬಿಡುವ ಮುಂಚೆ ನಾಲ್ಕು ಮಾತು ಹೇಳಬೇಕು ಅನ್ನಿಸಿತು.

ಐಸ್ ವಿಷಯ ಮೊದಲು ಮುಗಿಸಿಬಿಡೋಣ.

ಸ್ಕೇಟಿಂಗ್ ಮಾಡುವಷ್ಟು ಗಟ್ಟಿ ಐಸ್ ಬೇಕಾದರೆ ಅದರ ಮೇಲ್ಮೈ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗೆ ಇರಬೇಕು. ನಮ್ಮಲ್ಲಿ ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ ಬೆಳಗಿನ ಜಾವ ಹತ್ತು ಡಿಗ್ರಿ ಆಸುಪಾಸಿಗೆ ಬಂದರೆ ಸ್ವೆಟರ್ ಮೇಲೆ ಶಾಲು ಹೊದ್ದುಕೊಳ್ಳುತ್ತೇವೆ. ಮಧ್ಯಾಹ್ನ ಅದೇ ಸ್ವೆಟರ್ ಸೊಂಟಕ್ಕೆ ಕಟ್ಟಿಕೊಂಡು ಓಡಾಡುತ್ತೇವೆ. ಅಲ್ಲಿಂದ ಸೊನ್ನೆಗೆ, ಸೊನ್ನೆಯಿಂದ ಇನ್ನೂ ಕೆಳಕ್ಕೆ ಇಳಿಸುವುದನ್ನೆಲ್ಲ ಮೆಷಿನ್ನೇ ಮಾಡಬೇಕು. ಹಗಲೂ ರಾತ್ರಿ ಓಡಬೇಕು. ಜೂನ್ ಗಾಳಿಗೆ ಲೈನ್ ಮೇಲೆ ಮರ ಬಿದ್ದರೆ ದಿನಗಟ್ಟಲೆ ಕರೆಂಟ್ ಇಲ್ಲದೆ ಕೂರುವ ಊರು ನಮ್ಮದು. ಆ ಮೆಷಿನ್ನಿನ ಕರೆಂಟ್ ಬಿಲ್ ಕಟ್ಟೋರು ಯಾರು?

ಮೆಷಿನ್ ಇಲ್ಲದೆ ಬಯಲಿನಲ್ಲೇ ಐಸ್ ಮಾಡುವ ಜಾಗ ನಮ್ಮ ದೇಶದಲ್ಲಿ ಇದೆ. ಶಿಮ್ಲಾದಲ್ಲಿ 1920ರಿಂದ ಹಾಗೇ ನಡೆದಿದೆ. ರಾತ್ರಿ ನೀರು ಬಿಡುತ್ತಾರೆ, ಬೆಳಗಾಗುವಷ್ಟರಲ್ಲಿ ಕಟ್ಟಿರುತ್ತದೆ. ಅಲ್ಲಿ ಚಳಿಗಾಲದ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ, ಅದಕ್ಕೇ ಸಾಧ್ಯ. ಅಂಥಲ್ಲೂ ಮೋಡ ಮುಚ್ಚಿದ ರಾತ್ರಿ ಐಸ್ ಸರಿಯಾಗಿ ಕಟ್ಟುವುದಿಲ್ಲ. ಈಗೀಗ ಸೀಸನ್ ಸಣ್ಣದಾಗುತ್ತಿದೆ ಅನ್ನೋ ಚಿಂತೆ ಅವರಿಗೂ ಇದೆ. ಇನ್ನು ಮೆಷಿನ್ ರಿಂಕ್ ಬೇಕು ಅನ್ನೋರು ಡೆಹ್ರಾಡೂನ್ ಕಡೆ ನೋಡಬೇಕು. ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ ಅಂತ 2011ರಲ್ಲಿ ಒಳಾಂಗಣ ರಿಂಕ್ ಕಟ್ಟಿದರು. ಕೂಟ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಅದಕ್ಕೆ ಬೀಗ. ಮತ್ತೆ ದೊಡ್ಡ ಸ್ಪರ್ಧೆ ನಡೆಯಲು 2025ನೇ ಇಸವಿ ಬರಬೇಕಾಯಿತು. ಅದು ಒಂದು ರಾಜ್ಯ ಸರ್ಕಾರದ ಕೈಯಲ್ಲಿದ್ದ ರಿಂಕ್. ನಮ್ಮದು ಬೀದಿ ದೀಪದ ಬಲ್ಬ್ ಬದಲಾಯಿಸಲು ಮುಂದಿನ ತಿಂಗಳ ಸಭೆಗೆ ಕಾಯುವ ಪಟ್ಟಣ.

ಐಸ್ ನೆಲವನ್ನು ನಯ ಮಾಡುವ ಗಾಡಿ ಕಂಡುಹಿಡಿದ ಫ್ರಾಂಕ್ ಜಾಂಬೋನಿ 1940ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತನ್ನ ರಿಂಕನ್ನು ಬಯಲಿನಲ್ಲೇ ಶುರು ಮಾಡಿದ್ದ. ಬಿಸಿಲಿಗೆ, ಒಣ ಗಾಳಿಗೆ ಐಸ್ ತಡೆಯಲಿಲ್ಲ. ಸ್ವಲ್ಪ ಸಮಯದಲ್ಲೇ ಮೇಲೆ ಸೂರು ಹಾಕಿಸಿದ. ಐಸ್ ವ್ಯವಹಾರವನ್ನೇ ಉಸಿರಾಡಿದ ಮನುಷ್ಯನ ಕಥೆ ಇದು. ನಮ್ಮಲ್ಲಿ ಬಿಸಿಲಿನ ಜೊತೆಗೆ ಮಂಜು, ತೇವ, ಮಳೆ ಎಲ್ಲ ಇದೆ. ಪ್ಲಾಸ್ಟಿಕ್ ಹಲಗೆಯ ಕೃತಕ ಐಸ್ ಅಂತಲೂ ಒಂದು ಬಂದಿದೆ. ಅದು ಮಾಲ್ ಒಳಗೆ ಸರಿ. ಬಿಸಿಲಿಗೆ ಹಿಗ್ಗುವ ವಸ್ತು ಅದು, ಬಯಲಿನಲ್ಲಿ ಕಷ್ಟ.

ಹಾಗಂತ ಐಸ್ ರಿಂಕ್ ಕಟ್ಟಿದವರಿಂದ ಕಲಿಯುವುದು ಏನೂ ಇಲ್ಲ ಅಂತಲ್ಲ. ಜಾಸ್ತಿಯೇ ಇದೆ. ನಾನು ಪತ್ರ ಬರೆಯಲು ಕೂತದ್ದೇ ಅದಕ್ಕೆ.

ಐಸ್ ರಿಂಕಿನಲ್ಲಿ ಐಸ್ ಇರುವುದು ಒಂದೂವರೆ ಇಂಚು ದಪ್ಪ, ಅಷ್ಟೇ. ಖರ್ಚೂ ತಲೆನೋವೂ ಎಲ್ಲ ಅದರ ಅಡಿಯಲ್ಲಿ. ಕೆಳಗೆ ಜಲ್ಲಿ, ಅದರ ಮೇಲೆ ಶಾಖ ತಡೆಯುವ ಪದರ, ಅದರ ಮೇಲೆ ಕೊರೆಯುವ ಉಪ್ಪುನೀರು ಹರಿಯುವ ಪೈಪುಗಳು, ಅದನ್ನು ಮುಚ್ಚುವ ಕಾಂಕ್ರೀಟ್. 1876ರಲ್ಲಿ ಲಂಡನ್ನಿನಲ್ಲಿ ಜಾನ್ ಗ್ಯಾಮ್ಜೀ ಎಂಬಾತ ಮೊಟ್ಟಮೊದಲ ಮೆಷಿನ್ ರಿಂಕ್ ಮಾಡಿದಾಗ ಪೈಪಿನ ಅಡಿಗೆ ಕಾಂಕ್ರೀಟ್, ಮಣ್ಣು, ಹಸುವಿನ ಕೂದಲು, ಮರದ ಹಲಗೆ ಹಾಕಿದ್ದನಂತೆ. ಕೂದಲು ಕೇಳಿ ನಗು ಬರುತ್ತದೆ. ಆದರೆ ನೆಲದ ಅಡಿಯಲ್ಲಿ ಏನಿರಬೇಕು ಅಂತ ಆತ ಯೋಚಿಸಿದ್ದ. ನಮ್ಮ ಪಾರ್ಕಿನ ರಿಂಕ್ ಕಟ್ಟಿದವರು ಯೋಚಿಸಲಿಲ್ಲ.

ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ವೋಲ್ಮನ್ ರಿಂಕ್ ಅಂತ ಒಂದಿದೆ. ಬಯಲು ರಿಂಕ್, ಸಾರ್ವಜನಿಕ ಪಾರ್ಕ್. 1980ರಲ್ಲಿ ರಿಪೇರಿಗೆ ಅಂತ ಮುಚ್ಚಿದರು. ಕರೆಂಟ್ ಉಳಿಸುತ್ತದೆ ಅಂತ ಉಪ್ಪುನೀರಿನ ಹಳೇ ಪದ್ಧತಿ ಬಿಟ್ಟು ಫ್ರಿಯಾನ್ ಎಂಬ ತಂಪು ಮಾಡುವ ಅನಿಲದ ಪೈಪು ಹಾಕಿದರು. ಪೈಪು ಸೋರಿತು. ಆರು ವರ್ಷ ಹೋಯಿತು, ಕೋಟಿಗೂ ಮೀರಿ ಡಾಲರ್ ಹೋಯಿತು, ಐಸ್ ಮಾತ್ರ ಕಟ್ಟಲಿಲ್ಲ. ಕೊನೆಗೆ 1986ರಲ್ಲಿ ಮತ್ತೆ ಮೊದಲಿಂದ ಶುರು ಮಾಡಬೇಕು ಅಂತ ನಗರಾಡಳಿತವೇ ಒಪ್ಪಿಕೊಂಡಿತು. ಆಗ ಒಬ್ಬ ಬಿಲ್ಡರ್ ಮುಂದೆ ಬಂದು ಕೆಲವೇ ತಿಂಗಳಲ್ಲಿ ಮುಗಿಸಿಕೊಟ್ಟ. ಅದೇ ನವೆಂಬರ್‌ನಲ್ಲಿ ಜನ ಸ್ಕೇಟಿಂಗ್ ಮಾಡಿದರು. ಬಿಲ್ಡರ್ ಹೆಸರು ಡೊನಾಲ್ಡ್ ಟ್ರಂಪ್. ಹೆಸರು ಬಂದ ಕೂಡಲೇ ಚರ್ಚೆ ಬೇರೆ ಕಡೆ ಹೋಗುತ್ತದೆ, ಗೊತ್ತು. ಸರ್ಕಾರಕ್ಕೆ ಆಗದ್ದು ಖಾಸಗಿಯವರಿಗೆ ಆಯಿತು ಅಂತ ಈ ಕಥೆ ಹೇಳುವವರು ಬಹಳ. ನನಗೆ ಕಾಣುವುದು ಬೇರೆ. ಅಲ್ಲಿ ಕೆಲಸ ಮಾಡಿದ್ದು ಐಸ್ ರಿಂಕ್ ಕಟ್ಟಿ ಪಳಗಿದ ಕೆನಡಾದ ಕಂಪನಿ. ಅವರು ಹೊಸ ಪ್ರಯೋಗ ಕಿತ್ತುಹಾಕಿ ಹಳೇ ಉಪ್ಪುನೀರಿನ ಪದ್ಧತಿಗೇ ವಾಪಸ್ ಹೋದರು. ಗೊತ್ತಿದ್ದವರನ್ನು ಕೇಳಿದರು, ಅಷ್ಟೇ.

ಅದೇ ಪಾರ್ಕಿನ ಉತ್ತರದ ತುದಿಯಲ್ಲಿ ಇನ್ನೊಂದು ರಿಂಕ್ ಇತ್ತು, ಲ್ಯಾಸ್ಕರ್ ಅಂತ. ನಮಗೆ ಹೆಚ್ಚು ಬೇಕಾದ ಕಥೆ ಇದು. 1966ರಲ್ಲಿ ಅದನ್ನು ಕಟ್ಟಿದ್ದು ಒಂದು ತೊರೆ ಕೆರೆಗೆ ಸೇರುವ ಜಾಗದಲ್ಲೇ. ತೊರೆಯನ್ನು ಪೈಪಿನೊಳಗೆ ತುರುಕಿ ಮೇಲೆ ಕಾಂಕ್ರೀಟ್ ಹಾಕಿದರು. ಬೇಸಿಗೆಯಲ್ಲಿ ಈಜುಕೊಳ, ಚಳಿಗಾಲದಲ್ಲಿ ರಿಂಕ್. ಜೋರು ಮಳೆ ಬಂದಾಗೆಲ್ಲ ನೀರು ನುಗ್ಗುತ್ತಿತ್ತು. ಐವತ್ತು ವರ್ಷ ಹೀಗೇ ಕಾದಾಡಿ, ಕೊನೆಗೆ ಪೂರ್ತಿ ಒಡೆದು ಹಾಕಿದರು. 2025ರ ಏಪ್ರಿಲ್‌ನಲ್ಲಿ ಅಲ್ಲಿ ಹೊಸದು ತೆರೆಯಿತು. ಖರ್ಚು 16 ಕೋಟಿ ಡಾಲರ್. ಅವರು ಮಾಡಿದ ಮುಖ್ಯ ಕೆಲಸ ಏನು ಗೊತ್ತಾ? ತೊರೆಯನ್ನು ಮತ್ತೆ ಬೆಳಕಿಗೆ ತಂದು ಕೆರೆಗೆ ಹರಿಯಬಿಟ್ಟರು. ನೀರಿನ ದಾರಿ ಮೊದಲು ಗುರುತು ಮಾಡಿ, ಉಳಿದ ಜಾಗದಲ್ಲಿ ಕೊಳ, ರಿಂಕ್, ಹುಲ್ಲುಹಾಸು ಕೂರಿಸಿದರು.

ಈಗ ನಮ್ಮ ಪಾರ್ಕಿಗೆ ಬನ್ನಿ. ಸುಮ್ನೆ ಒಂದು ಸಲ ಬಂದು ನಿಲ್ಲಿ ಸಾರ್, ಫೋಟೋಗೆ ಅಲ್ಲ. ಗೇಟಿನಿಂದ ಒಳಗೆ ಬಂದರೆ ಎಡಗಡೆ ದಿಣ್ಣೆ, ಬಲಗಡೆ ತಗ್ಗು. ರಿಂಕ್ ಇರುವುದು ತಗ್ಗಿನಲ್ಲಿ. ಮೇಲಿನ ಗುಡ್ಡದಿಂದ ಒಂದು ತೋಡು ಅಲ್ಲೇ ಹರಿದು ಕೆಳಗಿನ ಗದ್ದೆಗೆ ಹೋಗುತ್ತಿತ್ತು ಅಂತ ಹಿರಿಯರು ಈಗಲೂ ಕೈ ತೋರಿಸಿ ಹೇಳುತ್ತಾರೆ. ಪಾರ್ಕ್ ಮಾಡುವಾಗ ಅದಕ್ಕೆ ಮಣ್ಣು ತುಂಬಿದರು. ತೋಡು ಕಾಣದಾಯಿತು, ನೀರು ಎಲ್ಲಿಗೂ ಹೋಗಲಿಲ್ಲ. ಜೂನ್ ಕೊನೆಗೆ ರಿಂಕಿನ ಮೇಲ್ಭಾಗದ ಮೂಲೆಯಲ್ಲಿ ನೋಡಿ. ಮಳೆ ನಿಂತು ಅರ್ಧ ದಿನ ಆದರೂ ಬಿರುಕಿನಿಂದ ನೀರು ಮೇಲಕ್ಕೆ ಜಿನುಗುತ್ತಿರುತ್ತದೆ. ಅಡಿಯ ಮಣ್ಣು ಸ್ವಲ್ಪ ಸ್ವಲ್ಪವೇ ಕೊಚ್ಚಿಹೋಗಿದೆ. ಕೋಲಿನಿಂದ ಕುಟ್ಟಿದರೆ ಕೆಲವು ಕಡೆ ಟೊಳ್ಳು ಸದ್ದು ಬರುತ್ತದೆ. ಆ ಮೂಲೆ ಕುಸಿದು ಅಕ್ಕಪಕ್ಕದ ನೆಲಕ್ಕಿಂತ ಹೆಬ್ಬೆರಳಿನಷ್ಟು ಕೆಳಗಾಗಿದೆ. ದೊಡ್ಡವರು ನಡೆದರೆ ಗೊತ್ತೇ ಆಗುವುದಿಲ್ಲ. ಚಕ್ರದ ಮೇಲೆ ಬರುವ ಎಂಟು ವರ್ಷದ ಮಗುವಿಗೆ ಗೊತ್ತಾಗುತ್ತದೆ. ಮುಂದಿನ ಚಕ್ರ ಅಲ್ಲಿ ಸಿಕ್ಕಿದರೆ ಮಗು ಮೊಣಕೈ ಊರಿಕೊಂಡೇ ಬೀಳುವುದು.

ಬಿರುಕಿಗೆ ಎರಡು ಸಲ ಸಿಮೆಂಟ್ ಮೆತ್ತಿದ್ದಾರೆ. ಮೆತ್ತಿದ್ದು ಬಿಲ್ಲೆಯಾಗಿ ಎದ್ದು ಬಂದಿದೆ. ಮೇಲೆ ಪಾಚಿ. ಕೊಡಗಿನ ಪಾಚಿಯ ಬಗ್ಗೆ ನಾನು ಕೊಡಗಿನವರಿಗೆ ಹೇಳಬೇಕಾಗಿಲ್ಲ.

ಮಡಿಕೇರಿ ಸುತ್ತಮುತ್ತ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ನಮ್ಮ ಲೆಕ್ಕದಲ್ಲಿ ನೂರಿಪ್ಪತ್ತು ಇಂಚು ಅನ್ನಿ. ತೋಟದವರು ಇಬ್ಬರು ಸೇರಿದರೆ ಮೊದಲು ಕೇಳುವುದೇ 'ನಿಮ್ಮಲ್ಲಿ ಎಷ್ಟು ಇಂಚು?' ಅಂತ. ಅದರ ಬಹುಪಾಲು ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. 2018ರ ಆಗಸ್ಟ್‌ನಲ್ಲಿ ಮಳೆಗೆ ಗುಡ್ಡಗಳೇ ಕುಸಿದದ್ದನ್ನು ಕಂಡ ಜಿಲ್ಲೆ ಇದು. ಪಾರ್ಕಿನ ರಿಂಕಿಗೂ ಜೋಡುಪಾಲದ ಗುಡ್ಡಕ್ಕೂ ಹೋಲಿಕೆ ಮಾಡುತ್ತಿಲ್ಲ, ಅದು ಬೇರೆಯೇ ದುಃಖ. ಆದರೆ ನೀರಿಗೆ ಅಡ್ಡ ಕಟ್ಟಿದರೆ ಅದು ಇನ್ನೊಂದು ದಾರಿ ಹುಡುಕುತ್ತದೆ ಅನ್ನೋದನ್ನು ಎಸ್ಟಿಮೇಟ್ ಬರೆಯುವವರು ಮರೆತರೆ ಹೇಗೆ?

ಹೊಸ ಎಸ್ಟಿಮೇಟಿನಲ್ಲಿ ಏನಿದೆ ಅಂತ ವಿಚಾರಿಸಿದೆ. ಹಳೇ ನೆಲ ತೆಗೆಯುವುದು, ಹೊಸ ಕಾಂಕ್ರೀಟ್, ಸುತ್ತ ಸ್ಟೀಲ್ ಕಂಬಿ, ಬಣ್ಣ, ಎಲ್‌ಇಡಿ ದೀಪ, ಒಂದು ಸ್ವಾಗತ ಕಮಾನು. ಚರಂಡಿ ಎಂಬ ಮಾತು ಎಲ್ಲೂ ಇಲ್ಲವಂತೆ. ಕಮಾನು ಇದೆ, ಚರಂಡಿ ಇಲ್ಲ. ಹಾಗೇ ಕಟ್ಟಿದರೆ ಮೂರನೇ ಮಳೆಗಾಲಕ್ಕೆ ಮತ್ತೆ ಇದೇ ಪತ್ರ ಬರೆಯಬೇಕಾಗುತ್ತದೆ.

ಇದಕ್ಕೆ ನ್ಯೂಯಾರ್ಕಿನಿಂದಾಗಲೀ ಬೆಂಗಳೂರಿನಿಂದಾಗಲೀ ತಜ್ಞರು ಬೇಕಿಲ್ಲ. ಒಂದು ಒಳ್ಳೇ ಸ್ಕೇಟಿಂಗ್ ನೆಲ ಅಂದರೆ ಹೆಚ್ಚುಕಮ್ಮಿ ಕಾಫಿ ಒಣಗಿಸುವ ಕಣ ಇದ್ದ ಹಾಗೆ. ಕಣ ಮಾಡುವುದು ನಮ್ಮ ಮೇಸ್ತ್ರಿಗಳಿಗೆ ಗೊತ್ತಿರುವಷ್ಟು ಬೇರೆ ಯಾರಿಗೆ ಗೊತ್ತು? ಇಪ್ಪತ್ತು ಮೂವತ್ತು ವರ್ಷ ಮಳೆ ತಿಂದೂ ಬಿರುಕು ಬಿಡದ ಕಣಗಳು ಈ ಪಟ್ಟಣದಿಂದ ಕೂಗಳತೆ ದೂರದಲ್ಲಿವೆ. ಒಬ್ಬ ಹಳೇ ಮೇಸ್ತ್ರಿಯನ್ನು ಮಾತಾಡಿಸಿ. ಅವರು ಮೊದಲು ಹೇಳುವುದು ಮೇಲಿನ ಬದಿಗೆ ಒಂದು ಆಳದ ಚರಂಡಿ ಹೊಡೆಯಿರಿ ಅಂತ. ಗುಡ್ಡದ ನೀರು ಕಣದ ಅಡಿಗೆ ಬರಲೇಬಾರದು, ಪಕ್ಕದಲ್ಲೇ ಸುತ್ತಿ ಹೋಗಬೇಕು. ಆಮೇಲೆ ಮಣ್ಣು. ತುಂಬಿದ ಮಣ್ಣನ್ನು ಪದರ ಪದರವಾಗಿ ನೀರು ಹಾಕಿ ದಮ್ಮಸ್ಸು ಮಾಡಬೇಕು. ಒಂದೇ ಸಲ ಲಾರಿಯಿಂದ ಸುರಿದು ರೋಲರ್ ಓಡಿಸಿದರೆ ಆಗಲ್ಲ. ಅದರ ಮೇಲೆ ಕಲ್ಲು, ಜಲ್ಲಿ, ಕೊನೆಗೆ ಕಾಂಕ್ರೀಟ್. ವಾಟ ಒಂದೇ ಕಡೆಗೆ. ನೂರು ಅಡಿಗೆ ಒಂದು ಅಡಿಯಷ್ಟು ಇಳಿದರೆ ನೀರು ನಿಲ್ಲುವುದಿಲ್ಲ, ಸ್ಕೇಟಿಂಗ್ ಮಾಡುವ ಮಕ್ಕಳಿಗೂ ತೊಂದರೆ ಇಲ್ಲ. ನಾಲ್ಕೂ ಕಡೆಯಿಂದ ನಡುವಿಗೆ ವಾಟ ಕೊಟ್ಟು ಒಂದು ಜಾಲರಿ ಇಟ್ಟರೆ ಕೆಟ್ಟಿತು. ಎಲೆ ಬಿದ್ದು ಜಾಲರಿ ಕಟ್ಟಿಕೊಂಡರೆ ರಿಂಕೇ ಕೆರೆ.

ಕಾಂಕ್ರೀಟ್ ಒಣಗುವಾಗ ಕುಗ್ಗುತ್ತದೆ, ಕುಗ್ಗಿದರೆ ಬಿರುಕು ಬಿಡುತ್ತದೆ. ಅದನ್ನು ತಡೆಯಲು ಆಗುವುದಿಲ್ಲ, ಎಲ್ಲಿ ಬಿಡಬೇಕು ಅಂತ ಹೇಳಬಹುದು ಅಷ್ಟೇ. ಆರು ಇಂಚು ದಪ್ಪದ ನೆಲಕ್ಕೆ ಹನ್ನೆರಡರಿಂದ ಹದಿನೈದು ಅಡಿಗೊಂದು ಗೆರೆ, ದಪ್ಪದ ಕಾಲು ಭಾಗ ಆಳಕ್ಕೆ ಕೊಯ್ದರೆ ಬಿರುಕು ಆ ಗೆರೆಯ ಅಡಿಯಲ್ಲೇ ಅಡಗುತ್ತದೆ. ಕಣದಲ್ಲಿ ಗೆರೆ ಅಗಲ ಇದ್ದರೂ ನಡೆಯುತ್ತದೆ, ಕಾಫಿಗೆ ಏನೂ ಆಗಲ್ಲ. ರಿಂಕಿನಲ್ಲಿ ತೆಳುವಾಗಿ ಕೊಯ್ದು ಸೀಲೆಂಟ್ ತುಂಬಿಸಬೇಕು, ಇಲ್ಲದಿದ್ದರೆ ಇನ್‌ಲೈನ್ ಸ್ಕೇಟಿನ, ಅಂದರೆ ಒಂದೇ ಸಾಲಿನಲ್ಲಿ ಚಕ್ರ ಇರುವ ಸ್ಕೇಟಿನ, ಚಕ್ರ ಸಿಕ್ಕಿಬೀಳುತ್ತದೆ. ಇದೊಂದೇ ವ್ಯತ್ಯಾಸ. ಹೊಸ ಕಾಂಕ್ರೀಟಿಗೆ ನೀರುಣಿಸುವುದನ್ನಂತೂ ಕಂಟ್ರಾಕ್ಟರ್ ಮೇಲೆ ಬಿಡಬೇಡಿ. ಕಟ್ಟೆ ಕಟ್ಟಿ ವಾರವಾದರೂ ನೀರು ನಿಲ್ಲಿಸಲೇಬೇಕು. ಪೂರ್ತಿ ಬಲ ಬರಲು 28 ದಿನ. ಎರಡನೇ ದಿನವೇ ಪೆಂಡಾಲ್ ಕಂಬ ಊರಿ ಉದ್ಘಾಟನೆ ಮಾಡಬೇಡಿ ದಯವಿಟ್ಟು.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿ ಹೇಳುತ್ತೇನೆ. ಇಂಟರ್‌ಲಾಕ್ ಹಾಕಬೇಡಿ. ಈ ರಾಜ್ಯದಲ್ಲಿ ಎಲ್ಲಿ ಒಂದು ಚದರ ಅಡಿ ಖಾಲಿ ಕಂಡರೂ ಇಂಟರ್‌ಲಾಕ್ ಹಾಕುವ ಚಟ ಇದೆ. ಬಸ್ ಸ್ಟ್ಯಾಂಡ್, ದೇವಸ್ಥಾನ, ಶಾಲೆ ಅಂಗಳ, ಎಲ್ಲ ಒಂದೇ. ಸ್ಕೇಟಿಂಗಿಗೆ ಅದರಷ್ಟು ಕೆಟ್ಟ ನೆಲ ಇನ್ನೊಂದಿಲ್ಲ. ಟೈಲ್ಸ್ ಕೂಡ ಬೇಡ. ಪವರ್ ಟ್ರೋವೆಲ್ ಮೆಷಿನ್ನಿನಿಂದ ನಯ ಮಾಡಿದ ಬರೀ ಕಾಂಕ್ರೀಟ್ ಸಾಕು.

ಕೆಲಸ ಯಾವಾಗ ಶುರು ಮಾಡುತ್ತೀರಿ ಅನ್ನೋದೂ ಅಷ್ಟೇ ಮುಖ್ಯ. ಪ್ರತಿ ವರ್ಷದ ಪಾಡು ನಮಗೆ ಗೊತ್ತು. ಮಾರ್ಚ್ ಎಂಡ್‌ಗೆ ಬಿಲ್ಲು, ಏಪ್ರಿಲ್‌ನಲ್ಲಿ ಗುದ್ದಲಿ ಪೂಜೆ, ಮೇ ತಿಂಗಳಲ್ಲಿ ಅಗೆತ, ಜೂನ್‌ನಲ್ಲಿ ಆ ಗುಂಡಿ ತುಂಬ ಕೆಂಪು ನೀರು. ತುಲಾ ಸಂಕ್ರಮಣ ಕಳೆದ ಮೇಲೆ ಶುರು ಮಾಡಿ. ಹಿಂಗಾರು ಹನಿ ಬಿದ್ದರೂ ಡಿಸೆಂಬರ್‌ನಿಂದ ಎರಡು ಮೂರು ತಿಂಗಳು ಒಳ್ಳೇ ಒಣ ಹವೆ ಸಿಗುತ್ತದೆ. ಆಗ ಕಾಫಿ ಕೊಯ್ಲು, ಕೆಲಸದವರು ಸಿಗುವುದಿಲ್ಲ ಅಂತ ಕಂಟ್ರಾಕ್ಟರ್ ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ಒಂದು ರಿಂಕಿಗೆ ಬೇಕಾದವರು ಬೆರಳೆಣಿಕೆಯ ಜನ. ಮುಂಚೆಯೇ ಹೇಳಿಟ್ಟರೆ ಸಿಗುತ್ತಾರೆ.

ಸೂರು ಬೇಕು ಅಂತ ಕೆಲವು ಪೋಷಕರು ಕೇಳುತ್ತಿದ್ದಾರೆ. ಮಳೆಗಾಲದಲ್ಲೂ ಮಕ್ಕಳು ಆಡಬಹುದಲ್ಲ ಅಂತ. ನ್ಯಾಯವಾದ ಆಸೆ. ನನ್ನ ಅಭಿಪ್ರಾಯ ಬೇರೆ. ಇರುವ ಹಣದಲ್ಲಿ ಸೂರು ಅಂತ ಹೊರಟರೆ ಶೀಟೂ ತೆಳ್ಳಗೆ, ನೆಲವೂ ತೆಳ್ಳಗೆ. ಮೊದಲು ಚರಂಡಿ ಮತ್ತು ನೆಲ ಗಟ್ಟಿ ಆಗಲಿ. ಮುಂದೆ ಹಣ ಬಂದಾಗ ಕಂಬ ನಿಲ್ಲಿಸಲು ಪಾಯ ಮಾತ್ರ ಈಗಲೇ ಹಾಕಿಡಿ.

ಹಾಕಿಯ ನಾಡಿಗೆ ಸ್ಕೇಟಿಂಗ್ ಯಾಕೆ ಅಂತ ಒಬ್ಬ ಸದಸ್ಯರು ಕೇಳಿದರಂತೆ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಅವರಿಂದ ಹಿಡಿದು ಸೋಮವಾರಪೇಟೆಯ ಎಸ್.ವಿ. ಸುನಿಲ್ ತನಕ ಈ ಪುಟ್ಟ ಜಿಲ್ಲೆ ಕೊಟ್ಟ ಆಟಗಾರರ ಬಗ್ಗೆ ನನಗೂ ಹೆಮ್ಮೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದ ಕೊಡವ ಕುಟುಂಬ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳ ಮಟ್ಟಕ್ಕೆ ಬೆಳೆದು ಗಿನ್ನೆಸ್ ದಾಖಲೆ ಆಯಿತು. ಯಾರಿಗೆ ಖುಷಿಯಾಗಲ್ಲ? ಆದರೆ ಆ ಹಬ್ಬಕ್ಕೆ ಇಳಿಯಲು ಕುಟುಂಬದ ಹೆಸರು ಬೇಕು, ಟರ್ಫ್ ಮೇಲೆ ಆಡಲು ತಂಡ ಬೇಕು. ಪಾರ್ಕಿಗೆ ಬರಲು ಏನೂ ಬೇಡ. ಅಲ್ಲಿ ತೋಟದ ಕೆಲಸಗಾರರ ಲೈನ್ ಮನೆಯ ಮಕ್ಕಳು, ಪೇಟೆ ಅಂಗಡಿಯವರ ಮಕ್ಕಳು, ಪೊಲೀಸ್ ಕ್ವಾರ್ಟರ್ಸ್ ಮಕ್ಕಳು, ಎಲ್ಲರೂ ಬರುತ್ತಾರೆ. ಅಣ್ಣನ ಹಳೇ ನಾಲ್ಕು ಚಕ್ರದ ಕ್ವಾಡ್ ಸ್ಕೇಟಿಗೆ ಎರಡು ಜೊತೆ ಕಾಲುಚೀಲ ತುರುಕಿಕೊಂಡು ಆಡುವ ಹುಡುಗಿಯನ್ನು ನಾವು ದಿನಾ ನೋಡುತ್ತೇವೆ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 3,000 ಮೀಟರ್ ರಿಲೇ ಸ್ಕೇಟಿಂಗಿನಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಕಂಚು ಗೆದ್ದರು. ನಮ್ಮ ಮಕ್ಕಳು ಪದಕ ತರಲಿ ಅಂತ ನಾನು ಕೇಳುತ್ತಿಲ್ಲ. ಮೊಣಕೈ ಒಡೆದುಕೊಳ್ಳದೆ ಒಂದು ಸುತ್ತು ಬರಲಿ.

ಈಗ ಅವರು ಎಲ್ಲಿ ಆಡುತ್ತಿದ್ದಾರೆ ಗೊತ್ತಾ? ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ ಹತ್ತಿರದ ಒಬ್ಬ ತೋಟದವರು ತಮ್ಮ ಕಣದಲ್ಲಿ ಬಿಡುತ್ತಾರೆ. ಮಾರ್ಚ್‌ನಿಂದ ಮಳೆ ಹಿಡಿಯುವ ತನಕ. ಉಳಿದ ದಿನ ರಸ್ತೆಯ ಮೇಲೆ, ಜೀಪು ಪಿಕಪ್ಪುಗಳ ನಡುವೆ. ಒಬ್ಬ ಖಾಸಗಿ ಮನುಷ್ಯ ತನ್ನ ಕಣ ಕೊಡುತ್ತಾನೆ, ಸಾರ್ವಜನಿಕ ಪಾರ್ಕ್ ನೆಲ ಕೊಡುವುದಿಲ್ಲ.

ಇನ್ನು ಕಟ್ಟಿದ ಮೇಲಿನ ಮಾತು. ರಿಂಕಿಗೆ ದಿನಾ ಕಸ ಗುಡಿಸುವವರು ಬೇಕು. ಒಂದು ಸಿಲ್ವರ್ ಓಕ್ ಎಲೆ, ಒಂದು ಸಣ್ಣ ಕಲ್ಲು ಸಾಕು ಚಕ್ರ ನಿಲ್ಲಲು. ಮಳೆಗಾಲ ಮುಗಿದ ಕೂಡಲೇ ಪಾಚಿ ಉಜ್ಜಬೇಕು, ಚರಂಡಿ ಬಿಡಿಸಬೇಕು. ದೀಪದ ಸ್ವಿಚ್ ಮತ್ತು ಗೇಟಿನ ಬೀಗದ ಕೈ ಪಾರ್ಕಿನಲ್ಲೇ ಇರುವ ಒಬ್ಬರ ಹತ್ತಿರ ಇರಬೇಕು, ಆಫೀಸಿನ ಡ್ರಾಯರ್‌ನಲ್ಲಿ ಅಲ್ಲ. ಇದಕ್ಕೆ ಪ್ರತಿ ವರ್ಷ ಬಜೆಟ್‌ನಲ್ಲಿ ಒಂದು ಸಾಲು ಬೇಕು. ಕಮಾನಿನ ಹಣದಲ್ಲಿ ಇದು ಎಷ್ಟೋ ವರ್ಷ ನಡೆಯುತ್ತದೆ. ಗುಡಿಸುವ ಕೆಲಸಕ್ಕೆ ಶನಿವಾರ, ಭಾನುವಾರ ಪೋಷಕರೇ ಸರದಿ ಮಾಡಿಕೊಳ್ಳಲು ತಯಾರಿದ್ದೇವೆ. ಇದನ್ನು ಬರಹದಲ್ಲೇ ಕೊಡುತ್ತೇವೆ.

ಟಿಕೆಟ್ ಮಾತ್ರ ಬೇಡ. ಪಾರ್ಕು, ಆಟದ ಮೈದಾನ, ಬಯಲು ಜಾಗಗಳನ್ನು ಉಳಿಸಲು ಅಂತಲೇ ಕರ್ನಾಟಕದಲ್ಲಿ 1985ರ ಕಾಯ್ದೆ ಇದೆ. ಪ್ರವಾಸಿಗರು ಬರಲಿ, ಆಡಲಿ, ಅವರ ಮಕ್ಕಳೂ ಮಕ್ಕಳೇ. ಆದರೆ ಅವರಿಗೋಸ್ಕರ ಕಟ್ಟಿ ನಮ್ಮ ಮಕ್ಕಳನ್ನು ಕಂಬಿಯ ಹೊರಗೆ ನಿಲ್ಲಿಸಬೇಡಿ. ಆದಾಯ ಬೇಕಿದ್ದರೆ ಪಾರ್ಕಿಂಗ್‌ನಲ್ಲಿ ಮಾಡಿಕೊಳ್ಳಿ, ಅಲ್ಲಿ ಯಾರೂ ಬೇಡ ಅನ್ನಲ್ಲ.

ಕೇಳಿಕೊಳ್ಳುವುದು ಇಷ್ಟು. ಟೆಂಡರ್ ಕರೆಯುವ ಮುಂಚೆ ಎಸ್ಟಿಮೇಟನ್ನೂ ನಕ್ಷೆಯನ್ನೂ ಪಾರ್ಕಿನ ಗೇಟಿಗೆ ಅಂಟಿಸಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ತರಿಸಿಕೊಳ್ಳಬಹುದು, ನೆರೆಹೊರೆಯವರ ನಡುವೆ ಅದೆಲ್ಲ ಯಾಕೆ? ನಕ್ಷೆಯಲ್ಲಿ ಹಳೇ ತೋಡಿನ ಗುರುತು ಇರಲಿ. ಮೇಲಿನ ಬದಿಯ ಚರಂಡಿಯನ್ನು ಎಸ್ಟಿಮೇಟಿನ ಮೊದಲ ಐಟಂ ಮಾಡಿ, ಹಣ ಸಾಲದಿದ್ದರೆ ಕಮಾನು, ಬಣ್ಣ, ಕಂಬಿ ಈ ಕ್ರಮದಲ್ಲಿ ಬಿಡಿ. ಎರಡು ಮಳೆಗಾಲ ಕಳೆಯುವ ತನಕ ಕಂಟ್ರಾಕ್ಟರ್‌ನ ಠೇವಣಿ ವಾಪಸ್ ಕೊಡಬೇಡಿ. ಈ ಜೂನ್‌ನಲ್ಲೇ ಎಂಜಿನಿಯರ್ ಅವರು ಒಂದು ಮಳೆ ದಿನ ಪಾರ್ಕಿಗೆ ಬಂದು ನೀರು ಎಲ್ಲಿಂದ ಬರುತ್ತದೆ ಅಂತ ನೋಡಲಿ. ಕೊಡೆ, ಗಂಬೂಟು, ಅಳತೆ ಟೇಪು ನಾವು ತರುತ್ತೇವೆ. ತೋಡು ಹರಿಯುತ್ತಿದ್ದ ಜಾಗ ತೋರಿಸಲು ಹಿರಿಯರಿಬ್ಬರು ಒಪ್ಪಿದ್ದಾರೆ. ಬೆಳಿಗ್ಗೆ ಹತ್ತರ ಒಳಗೆ ಬಂದರೆ ಒಳ್ಳೇದು, ಆಮೇಲೆ ಅವರಿಗೆ ಮೆಟ್ಟಿಲು ಇಳಿಯುವುದು ಕಷ್ಟ.

ಇಂತಿ,
ಪಾರ್ಕ್ ರಸ್ತೆಯ ನಿವಾಸಿಗಳ ಪರವಾಗಿ ಒಬ್ಬ ಪೋಷಕ
ಕೊಡಗು